ನೀರು ಕರಗಿಸಿದ ಕಲ್ಲು

ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳ ಅಡಿಕೆ ತೋಟದ ತಂಪಿನಲ್ಲಿ ನಿಂತವರಿಗೆ ಜ್ವಾಲಾಮುಖಿಯ ನೆನಪಾಗುವುದಿಲ್ಲ. ಆದರೆ ಈ ತಾಲ್ಲೂಕುಗಳ ಅಡಿಯಲ್ಲಿರುವುದು 250 ಕೋಟಿ ವರ್ಷಗಳಿಗೂ ಹಳೆಯದಾದ ಧಾರವಾಡ ಶಿಲಾಸಮೂಹ. ನೆರೆಯ ಬಾಬಾಬುಡನ್‌ಗಿರಿಯ ಪದರಗಳಲ್ಲಿ ಅಂದಿನ ಲಾವಾ ಇಂದಿಗೂ ಇದೆ. ಅಂಥ ಲಾವಾ ನೀರಿನೊಳಗೂ ಹರಿದು ಹೆಪ್ಪುಗಟ್ಟಿತ್ತೆಂಬುದಕ್ಕೆ ಚಿತ್ರದುರ್ಗ ಜಿಲ್ಲೆಯ ಮರಡಿಹಳ್ಳಿಯ ದಿಂಬಿನಾಕಾರದ ಶಿಲೆಗಳೇ ಸಾಕ್ಷಿ.

ಕಲ್ಲು ಕರಗುವುದು ಹೇಗೆ? 1991ರಲ್ಲಿ ದೀರ್ಘನಿದ್ರೆಯಿಂದ ಎಚ್ಚೆತ್ತ ಅಂಡಮಾನಿನ ಬ್ಯಾರನ್ ದ್ವೀಪದತ್ತ ನೋಡಬೇಕು. ಅಲ್ಲಿ ಸಾಗರತಳದ ಫಲಕವೊಂದು ಮತ್ತೊಂದರಡಿ ಜಾರುತ್ತ, ತನ್ನೊಡಲ ನೀರನ್ನು ಮೇಲಿನ ಬಿಸಿಶಿಲೆಗೆ ಬಿಟ್ಟುಕೊಡುತ್ತದೆ. ನೀರು ಬೆರೆತ ಶಿಲೆ ಕಡಿಮೆ ಉಷ್ಣತೆಯಲ್ಲೇ ಕರಗಿ ಶಿಲಾಪಾಕ, ಅಂದರೆ ಮ್ಯಾಗ್ಮಾ ಆಗುತ್ತದೆ. ಅದು ಮೇಲೇರಿ ತಣಿಯುವಾಗ ಕಬ್ಬಿಣ, ಮೆಗ್ನೀಸಿಯಂ ಹೆಚ್ಚಿರುವ ಹರಳುಗಳು ಮೊದಲು ಬೇರ್ಪಡುತ್ತವೆ. ಉಳಿದ ದ್ರವದಲ್ಲಿ ಸಿಲಿಕಾ ಹೆಚ್ಚಿ ಅದು ಮಂದವಾಗುತ್ತದೆ.

ಧಾರವಾಡದ ಕೆಲವು ಲಾವಾಗಳೂ ಇಂಥ ದ್ವೀಪಮಾಲೆಯಲ್ಲಿಯೇ ಹುಟ್ಟಿದವೆ ಎಂಬ ಚರ್ಚೆ ವಿಜ್ಞಾನಿಗಳಲ್ಲಿ ಇನ್ನೂ ಮುಗಿದಿಲ್ಲ. ಅದಕ್ಕೆ ಉತ್ತರ ಬರೆದಿರುವುದು ಈ ನಾಡಿನ ಬಂಡೆಗಳಲ್ಲಿ. ಓದುವ ಮೊದಲೇ ಅವನ್ನು ಒಡೆದು ಜಲ್ಲಿ ಮಾಡಿದರೆ, ಆ ಪುಟವನ್ನು ಮತ್ತೆ ಬರೆದುಕೊಡುವವರು ಯಾರೂ ಇಲ್ಲ.