ಸೂರ್ಯನ ದಾರಿ ಹಿಡಿದ ಹೋಳಿ ಹುಣ್ಣಿಮೆ

2019ರ ಹೋಳಿ ಹುಣ್ಣಿಮೆ ಬರೀ ಬಣ್ಣದ ಹಬ್ಬವಾಗಿರಲಿಲ್ಲ. ಮಾರ್ಚ್ 21ರ ಬೆಳಗಿನ ಜಾವ 3.28ಕ್ಕೆ ಸೂರ್ಯ ಭೂಮಧ್ಯರೇಖೆಯ ನೇರಕ್ಕೆ ಬರುವ ವಿಷುವ, ನಾಲ್ಕು ತಾಸು ತುಂಬುವ ಮೊದಲೇ, 7.13ಕ್ಕೆ ಹುಣ್ಣಿಮೆ. ಚಂದ್ರ ಭೂಮಿಗೆ ಸಮೀಪವಿದ್ದ ಕಾರಣ ಅದು ಸೂಪರ್ ಮೂನ್ ಕೂಡ ಆಗಿತ್ತು.

ಹುಣ್ಣಿಮೆ ಚಂದ್ರ ಯಾವಾಗಲೂ ಸೂರ್ಯನಿಗೆ ಎದುರು. ಸೂರ್ಯ ದಕ್ಷಿಣಕ್ಕೆ ಸರಿದಿರುವ ಡಿಸೆಂಬರಿನಲ್ಲಿ ಚಂದ್ರ ಮಲೆನಾಡಿನ ಕೆಳದಿಯ ನೆತ್ತಿಯನ್ನೂ ದಾಟಿ ಉತ್ತರಕ್ಕೆ ವಾಲುತ್ತಾನೆ. ಜೂನಿನಲ್ಲಿ, ಮೋಡ ಬಿಟ್ಟುಕೊಟ್ಟರೆ, ದಕ್ಷಿಣಕ್ಕೆ ವಾಲಿ ಸಾಗುತ್ತಾನೆ. ವಿಷುವದ ಹುಣ್ಣಿಮೆಗೆ ಮಾತ್ರ ಹಗಲು ಸೂರ್ಯ ನಡೆದ ದಾರಿಯೇ ರಾತ್ರಿ ಚಂದ್ರನಿಗೂ.

ಇದನ್ನು ಅಂಗಳದಲ್ಲೇ ಪರೀಕ್ಷಿಸಬಹುದು. ಒಂದು ಮೀಟರ್ ಉದ್ದದ ಅಡಿಕೆ ದಬ್ಬೆಯನ್ನು ನೆಟ್ಟಗೆ ಊರಿ. ಕೆಳದಿ ಇರುವುದು 14 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಅಂದು ನಡುಹಗಲಿನ ನೆರಳು ಕಾಲು ಮೀಟರಿನಷ್ಟು. ನೆರಳಿನ ತುದಿಗೆ ತಾಸಿಗೊಂದು ಕಲ್ಲಿಡುತ್ತಾ ಹೋದರೆ ಪಶ್ಚಿಮದಿಂದ ಪೂರ್ವಕ್ಕೆ ನೇರ ಸಾಲು ಸಿಗುತ್ತದೆ. ಹಳೆಯ ಶಿಲ್ಪಶಾಸ್ತ್ರಗಳು ದಿಕ್ಕು ಸಾಧಿಸಲು ಹೇಳುವ ಶಂಕುವೂ ಇಂಥದೇ ಕೋಲು. ರಾತ್ರಿ ಬೆಳದಿಂಗಳ ನೆರಳು ಬೀಳುವುದೂ ಅದೇ ಕಲ್ಲುಗಳ ಆಸುಪಾಸಿನಲ್ಲಿ. ಚಂದ್ರನ ಪಥ 5 ಡಿಗ್ರಿ ಓರೆಯಾಗಿರುವುದರಿಂದ ಚೂರು ಆಚೀಚೆ ಆದೀತು, ಅಷ್ಟೆ.

ಆದರೆ ಮೂಡುವ ಚಂದ್ರನನ್ನು ನೋಡಲು ಮಲೆನಾಡಿನ ಮನೆಯಂಗಳ ಸಾಲದು. ಅಡಿಕೆ ಸೋಗೆ ದಾಟಿ ಆತ ಕಣ್ಣಿಗೆ ಬೀಳುವ ಹೊತ್ತಿಗೆ ಸಂಜೆಗೆಂಪು ಮುಗಿದಿರುತ್ತದೆ. ಬಯಲಾದರೆ ಒಂದು ದಿಕ್ಕಿಗೆ ಮುಳುಗುವ ಸೂರ್ಯ, ಬೆನ್ನಿಗೆ ಮೂಡುವ ಚಂದ್ರ. ಸಾಗರದವರಿಗೆ ಹೊಳೆಬಾಗಿಲಿನ ಹಿನ್ನೀರ ದಂಡೆಯಿದೆ, ಹೊಸನಗರದವರಿಗೆ ಕೊಡಚಾದ್ರಿ, ತೀರ್ಥಹಳ್ಳಿಯವರಿಗೆ ಕುಂದಾದ್ರಿ.

ಸೆಪ್ಟೆಂಬರಿನಲ್ಲೂ ವಿಷುವವಿದೆ. 2010ರ ಸೆಪ್ಟೆಂಬರ್ 23ರಂದು ಹುಣ್ಣಿಮೆಯೂ ಅದೇ ದಿನ ಬಂದಿತ್ತು. ಆದರೆ ಆಗ ಮಲೆನಾಡಿನ ಮಳೆ ಪೂರಾ ಹೊಳವಾಗಿರುವುದಿಲ್ಲ. ಶರತ್ಕಾಲದ ತಿಂಗಳ ಬೆಳಕು ಇಲ್ಲಿಯವರಿಗೆ ಒದಗುವುದು ಭೂಮಿ ಹುಣ್ಣಿಮೆಗೆ. ದೀವರ ಸಮುದಾಯದ ಹೆಣ್ಣುಮಕ್ಕಳು ಭೂಮಣ್ಣಿ ಬುಟ್ಟಿಗೆ ಚಿತ್ತಾರ ಬರೆದು, ರಾತ್ರಿಯಿಡೀ ಅಡುಗೆ ಮಾಡಿ, ಬಸುರಿ ಗದ್ದೆಗೆ ಬಯಕೆ ಉಣಿಸುವ ಹಬ್ಬವದು.

ಮಾರ್ಚಿನ ಈ ಯೋಗಕ್ಕೆ ಲೆಕ್ಕವೂ ಇದೆ. 19 ವರ್ಷಕ್ಕೆ ಹೆಚ್ಚುಕಡಿಮೆ ಸರಿಯಾಗಿ 235 ಚಾಂದ್ರಮಾಸಗಳು ಕೂರುವುದರಿಂದ 1981, 2000, 2019ರಲ್ಲಿ ಇದು ಮರುಕಳಿಸಿತು, ಮುಂದಿನದು 2038ಕ್ಕೆ. ಅಷ್ಟು ಕಾಯಬೇಕಿಲ್ಲ. 2030ರ ಮಾರ್ಚ್ 19ರ ರಾತ್ರಿ ಹುಣ್ಣಿಮೆ, ಮರುದಿನ ಸಂಜೆ ವಿಷುವ. 19ರ ಸಂಜೆ ಸೂರ್ಯ ಚಂದ್ರರಿಬ್ಬರೂ ಕೆಲ ನಿಮಿಷ ಎದುರುಬದುರಾಗಿ ದಿಗಂತದಲ್ಲಿರುತ್ತಾರೆ. ದೂರದರ್ಶಕ ಬೇಡ. ಆರು ಗಂಟೆಗೆ ಬಯಲು ಸೇರಿಕೊಂಡರೆ ಸಾಕು.