ಟೆಕ್ಸಾಸ್ ಕೌಂಟಿ: ಕಾನ್‌ಸ್ಟೆಬಲ್‌ಗೂ ಚುನಾವಣೆ, ಜಡ್ಜ್‌ಗೆ ಬಜೆಟ್ ಹೊಣೆ

ಇನ್ಸ್‌ಪೆಕ್ಟರ್ ಮೇಲೆ ಡಿವೈಎಸ್‌ಪಿ, ಅವರ ಮೇಲೆ ಎಸ್‌ಪಿ, ಎಸ್‌ಪಿಯನ್ನು ವರ್ಗಾಯಿಸುವ ಅಧಿಕಾರ ರಾಜ್ಯ ಸರ್ಕಾರದ್ದು. ಕರ್ನಾಟಕದವರಿಗೆ ಪರಿಚಿತವಾದ ಈ ಏಣಿ ಅಮೆರಿಕದ ಟೆಕ್ಸಾಸ್ ರಾಜ್ಯದ ಕೌಂಟಿಗಳಲ್ಲಿಲ್ಲ. ಆಸ್ಟಿನ್, ಡಲ್ಲಾಸ್, ಹ್ಯೂಸ್ಟನ್‌ಗಳಲ್ಲಿ ನೆಲೆಸಿರುವ ಕನ್ನಡಿಗರಿಗೆ ಅಲ್ಲಿನ ಹುದ್ದೆಗಳ ಹೆಸರು ಪರಿಚಿತವೆನಿಸಿದರೂ ಅರ್ಥ ಬೇರೆಯೇ ಆಗಿದೆ.

ರಾಜ್ಯದಲ್ಲಿ 254 ಕೌಂಟಿಗಳಿವೆ. 2020ರ ಜನಗಣತಿಯಂತೆ ಹ್ಯಾರಿಸ್ ಕೌಂಟಿಯ ಜನಸಂಖ್ಯೆ 47 ಲಕ್ಷ ಮೀರಿದರೆ, ಲವಿಂಗ್ ಕೌಂಟಿಯದು ಕೇವಲ 64. ಎರಡಕ್ಕೂ ಆಡಳಿತದ ಚೌಕಟ್ಟು ಒಂದೇ. ಕೌಂಟಿ ಜಡ್ಜ್ ಹಾಗೂ ನಾಲ್ವರು ಕಮಿಷನರ್‌ಗಳ ಸಭೆಗೆ ‘ಕಮಿಷನರ್ಸ್ ಕೋರ್ಟ್’ ಎಂದು ಹೆಸರು. ಹೆಸರಿನಲ್ಲಿ ಕೋರ್ಟ್ ಇದ್ದರೂ ಅದರ ಕೆಲಸ ತೆರಿಗೆ, ಬಜೆಟ್, ರಸ್ತೆ. ನಮ್ಮ ಜಿಲ್ಲಾ ಪಂಚಾಯಿತಿಗೆ ಹತ್ತಿರ. ಕೌಂಟಿ ಜಡ್ಜ್ ವಕೀಲರಾಗಿರಬೇಕೆಂಬ ನಿಯಮವೂ ಇಲ್ಲ. ಸಣ್ಣ ಕೌಂಟಿಗಳಲ್ಲಿ ಮಾತ್ರ ಅವರು ಇಂದಿಗೂ ಮೊಕದ್ದಮೆ ಆಲಿಸುತ್ತಾರೆ.

ಜನಸಾಮಾನ್ಯರಿಗೆ ಮೊದಲು ಎದುರಾಗುವುದು ‘ಜಸ್ಟಿಸ್ ಆಫ್ ದಿ ಪೀಸ್’. 500 ಡಾಲರ್ ಮೀರದ ದಂಡದ ಪ್ರಕರಣ, ಬಾಡಿಗೆದಾರರನ್ನು ತೆರವುಗೊಳಿಸುವ ದಾವೆ ಹಾಗೂ 2020ರಿಂದ 20,000 ಡಾಲರ್‌ವರೆಗಿನ ಹಣದ ವ್ಯಾಜ್ಯ ಇಲ್ಲಿ ಇತ್ಯರ್ಥವಾಗುತ್ತವೆ. ಅತಿವೇಗದ ಚಾಲನೆಗೆ ನಗರ ಪೊಲೀಸರು ಚೀಟಿ ಕೊಟ್ಟರೆ ನಗರದ ಮುನಿಸಿಪಲ್ ಕೋರ್ಟ್‌ಗೆ, ಕೌಂಟಿಯವರು ಕೊಟ್ಟರೆ ಇಲ್ಲಿಗೆ. ಮೊದಲ ಬಾರಿ ಕುಡಿದು ವಾಹನ ಚಲಾಯಿಸಿ ಸಿಕ್ಕಿಬಿದ್ದವರ ಪ್ರಕರಣ ಕೌಂಟಿ ಮಟ್ಟದ ನ್ಯಾಯಾಲಯಕ್ಕೆ ಹೋಗುತ್ತದೆ. ಘೋರ ಅಪರಾಧಗಳು ಡಿಸ್ಟ್ರಿಕ್ಟ್ ಕೋರ್ಟ್‌ಗೆ ಸೇರಿದವು. ಮುನಿಸಿಪಲ್ ಕೋರ್ಟ್ ಬಿಟ್ಟರೆ ಈ ನ್ಯಾಯಾಧೀಶರೆಲ್ಲ ಪಕ್ಷದ ಹೆಸರಿನಲ್ಲಿಯೇ ಮತ ಕೇಳುವವರು ಎಂಬುದು ಭಾರತೀಯರಿಗೆ ಅರಗಿಸಿಕೊಳ್ಳಲು ಕಷ್ಟವಾದ ಸಂಗತಿ.

ಶೆರಿಫ್‌ನ ಸ್ಥಾನವಂತೂ ಇನ್ನೂ ವಿಶಿಷ್ಟ. ನಗರಗಳ ಪೊಲೀಸ್ ಮುಖ್ಯಸ್ಥರನ್ನು ಸಾಮಾನ್ಯವಾಗಿ ನಗರಾಡಳಿತವೇ ನೇಮಿಸಿದರೆ, ಶೆರಿಫ್‌ನನ್ನು ನಾಲ್ಕು ವರ್ಷಕ್ಕೊಮ್ಮೆ ಮತದಾರರು ಆರಿಸುತ್ತಾರೆ. ಕೌಂಟಿಯ ಜೈಲು, ನಗರದ ಹೊರಗಿನ ಗಸ್ತು ಅವರ ಹೊಣೆ. ಗವರ್ನರ್ ಕೂಡ ಅವರನ್ನು ಎತ್ತಂಗಡಿ ಮಾಡುವಂತಿಲ್ಲ. ಪದಚ್ಯುತಿಗೆ ಡಿಸ್ಟ್ರಿಕ್ಟ್ ಕೋರ್ಟ್‌ನಲ್ಲಿ ಜ್ಯೂರಿ ಎದುರು ವಿಚಾರಣೆ ನಡೆಯಬೇಕು. ಆದರೆ ಶೆರಿಫ್ ಕಚೇರಿಯ ಖರ್ಚಿಗೆ ಹಣ ಮಂಜೂರು ಮಾಡುವುದು ಕಮಿಷನರ್ಸ್ ಕೋರ್ಟ್. ಹಗ್ಗಜಗ್ಗಾಟಕ್ಕೆ ಅಷ್ಟು ಸಾಕು! ಕಾನ್‌ಸ್ಟೆಬಲ್ ಕೂಡ ಇಲ್ಲಿ ಕೆಳದರ್ಜೆಯ ಪೇದೆಯಲ್ಲ. ತನ್ನ ವಲಯದಿಂದ ಚುನಾಯಿತನಾಗಿ, ಸಮನ್ಸ್ ಜಾರಿ ಮಾಡುವ, ಮನೆ ತೆರವುಗೊಳಿಸುವ ಸ್ವತಂತ್ರ ಅಧಿಕಾರಿ.

ದೋಷಾರೋಪ ಹೊರಿಸುವ ಡಿಸ್ಟ್ರಿಕ್ಟ್ ಅಟಾರ್ನಿ, ಕೌಂಟಿ ಅಟಾರ್ನಿ ಕೂಡ ಚುನಾಯಿತರೇ. ಇಷ್ಟೆಲ್ಲ ಹುದ್ದೆಗಳಿಗೆ ಮತ ಹಾಕುವ ಹಕ್ಕು ಪೌರರಿಗೆ ಮಾತ್ರ. ಎಚ್-1ಬಿ ವೀಸಾ ಅಥವಾ ಗ್ರೀನ್ ಕಾರ್ಡ್ ಹೊಂದಿ, ಸ್ವಂತ ಮನೆಗೆ ವರ್ಷವರ್ಷವೂ ಕೌಂಟಿ ತೆರಿಗೆ ಕಟ್ಟುವ ಭಾರತೀಯರು ಈ ಲೆಕ್ಕಕ್ಕೆ ಬರುವುದಿಲ್ಲ.

ಬಂಧಿತರನ್ನು 48 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಎದುರು ಹಾಜರುಪಡಿಸಬೇಕು. ಭಾರತದಲ್ಲಿ ಈ ಗಡುವು 24 ಗಂಟೆ. ಜಾಮೀನಿನ ಮಾತು ಬರುವುದು ಅಲ್ಲಿಯೇ. ವಿದೇಶಿಯರು ಬಂಧಿತರಾದರೆ ತಮ್ಮ ದೇಶದ ಕಾನ್ಸುಲೇಟ್‌ಗೆ ಸುದ್ದಿ ಮುಟ್ಟಿಸುವಂತೆ ಕೇಳುವ ಹಕ್ಕನ್ನು 1963ರ ವಿಯೆನ್ನಾ ಒಪ್ಪಂದ ನೀಡಿದೆ, ಪೊಲೀಸರು ಅದನ್ನು ತಿಳಿಸಲೇಬೇಕು. ಆದರೆ ಬಂಧಿತರು ತಾವಾಗಿ ಕೋರದಿದ್ದರೆ, ಹ್ಯೂಸ್ಟನ್‌ನಲ್ಲಿರುವ ಭಾರತೀಯ ಕಾನ್ಸುಲೇಟ್‌ಗೆ ವಿಷಯ ತಲುಪದೆಯೇ ಇರಬಹುದು.