ಬೀಳುವುದನ್ನು ಮೊದಲು ಕಲಿಸೋಣ

2018ರ ಜಕಾರ್ತ ಏಷ್ಯನ್ ಕ್ರೀಡಾಕೂಟದ ಕುರಾಶ್ ಸ್ಪರ್ಧೆಯಲ್ಲಿ ಬೆಳಗಾವಿ ಬಳಿಯ ತುರಮುರಿ ಗ್ರಾಮದ ಮಲಪ್ರಭಾ ಜಾಧವ್ ಕಂಚಿನ ಪದಕ ಗೆದ್ದಾಗ ಇಡೀ ಜಿಲ್ಲೆ ಹೆಮ್ಮೆಪಟ್ಟಿತು. ಆಕೆ ಕುರಾಶ್‌ಗೆ ಬಂದದ್ದು ಜೂಡೊ ಮೂಲಕ. 2022ರಲ್ಲಿ ಮಣಿಪುರದ ಹದಿನೈದರ ಬಾಲಕಿ ಲಿಂಥೊಯ್ ಚನಂಬಮ್, ಸರಾಯೆವೊದಲ್ಲಿ ನಡೆದ ವಿಶ್ವ ಕೆಡೆಟ್ ಜೂಡೊದಲ್ಲಿ ಚಿನ್ನ ಗೆದ್ದಳು. ಇಂಥ ಸಾಧನೆಗಳು ಹಳ್ಳಿಯ ಮಕ್ಕಳಲ್ಲಿ ಹೊಸ ಆಸೆ ಮೂಡಿಸುವುದು ಸಹಜ. ಆ ಆಸೆಯ ಜೊತೆಯಲ್ಲೇ ಬರುವ ಒಂದು ಅಪಾಯದ ಬಗ್ಗೆ ಮಾತ್ರ ನಾವು ಸಾಕಷ್ಟು ಮಾತನಾಡುತ್ತಿಲ್ಲ. ಅದು ಮೊಣಕೈಗೆ ಸಂಬಂಧಿಸಿದ್ದು.

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳದ್ದು ಕುಸ್ತಿಯ ಸೀಮೆ. ಕೊಲ್ಲಾಪುರದ ಶಾಹು ಮಹಾರಾಜರು ಮಲ್ಲವಿದ್ಯೆಗೆ ನೀಡಿದ ಆಶ್ರಯದ ಪ್ರಭಾವ ಗಡಿಯ ಈಚೆಗೂ ಹರಿಯಿತು. ಜಾತ್ರೆಯೆಂದರೆ ಇಲ್ಲಿ ಇಂದಿಗೂ ಜಂಗೀ ಕುಸ್ತಿ ಇರಬೇಕು. ಇಂಥ ನೆಲದಲ್ಲಿ ಜೂಡೊ ಪರಕೀಯ ಎನಿಸುವುದಿಲ್ಲ. ಶಾಲಾ ಕ್ರೀಡಾಕೂಟಗಳ ಪಟ್ಟಿಯಲ್ಲಿ ಅದೂ ಇರುವುದರಿಂದ, ಗಟ್ಟಿಮುಟ್ಟಾದ ಹುಡುಗ-ಹುಡುಗಿಯರನ್ನು ಗುರುತಿಸಿ ಸ್ಪರ್ಧೆಗೆ ಇಳಿಸುವುದು ದೈಹಿಕ ಶಿಕ್ಷಕರಿಗೆ ಸುಲಭ. ತೊಡಕು ಆರಂಭವಾಗುವುದೂ ಅಲ್ಲಿಂದಲೇ.

ಕುಸ್ತಿಯಲ್ಲಿ ಬೆನ್ನು ಮಣ್ಣಿಗೆ ತಾಗಿದರೆ ಆಟ ಮುಗಿಯಿತು. ಚಿತ್ ಆಗದಿರಲು ಹೇಗಾದರೂ ಹೊರಳಬೇಕು, ಕೈ ಊರಿಯಾದರೂ ಬೆನ್ನು ಉಳಿಸಿಕೊಳ್ಳಬೇಕು. ಜೂಡೊದಲ್ಲೂ ಬೆನ್ನ ಮೇಲೆ ರಭಸದಿಂದ ಬಿದ್ದವನು ಸೋಲುತ್ತಾನೆ. ಆದರೆ ಎದುರಾಳಿ ಅಂಗಿ ಹಿಡಿದು ಎತ್ತಿ ಒಗೆಯುವ ವೇಗ ಬೇರೆಯೇ ತರಹದ್ದು. ಆ ವೇಗದಲ್ಲಿ ಅಂಗೈ ಊರಿದರೆ ದೇಹದ ಭಾರವೆಲ್ಲ ನೆಟ್ಟಗೆ ಚಾಚಿದ ತೋಳಿನ ಮೇಲೆ ಬರುತ್ತದೆ. ಮೊಣಕೈ ಕೀಲು ತಪ್ಪುತ್ತದೆ, ಇಲ್ಲವೇ ಎಲುಬು ಮುರಿಯುತ್ತದೆ. ಅದಕ್ಕೆಂದೇ 1882ರಲ್ಲಿ ಜೂಡೊ ರೂಪಿಸಿದ ಜಿಗೊರೊ ಕಾನೊ ಅವರ ಪರಂಪರೆಯಲ್ಲಿ ಮೊದಲ ಪಾಠವೇ 'ಉಕೆಮಿ', ಅಂದರೆ ಬೀಳುವ ವಿದ್ಯೆ. ಗದ್ದ ಎದೆಗೊತ್ತಿ, ಬೆನ್ನು ಬಾಗಿಸಿ, ಇಡೀ ತೋಳಿನಿಂದ ಚಾಪೆಯನ್ನು ಬಡಿದು ಹೊಡೆತವನ್ನು ಹಂಚುವುದು. ವಾರಗಟ್ಟಲೆ ಕಲಿಯಬೇಕಾದ ಈ ವಿದ್ಯೆಯನ್ನು, ಕ್ರೀಡಾಕೂಟದ ದಿನಾಂಕ ಹತ್ತಿರವಾದಾಗ ಎರಡೇ ದಿನದಲ್ಲಿ ಮುಗಿಸುವ ಪ್ರಲೋಭನೆಯಿಂದ ಪಾರಾಗುವುದು ಕಷ್ಟ.

ಎರಡನೆಯ ಅಪಾಯ ಆರ್ಮ್‌ಲಾಕ್. ಜೂಡೊ ಸ್ಪರ್ಧೆಯಲ್ಲಿ ಕೀಲನ್ನು ಹಿಡಿದು ಸೋಲೊಪ್ಪಿಸಲು ಅವಕಾಶವಿರುವುದು ಮೊಣಕೈಗೆ ಮಾತ್ರ. ನೋವು ತಾಳಲಾಗದವನು ಎರಡು ಬಾರಿ ತಟ್ಟಿದರೆ ಆಟ ನಿಲ್ಲುತ್ತದೆ. ಆದರೆ ಸೋಲೊಪ್ಪುವುದನ್ನೇ ಹೇಡಿತನವೆಂದು ತಿಳಿದ ಮನೆಯಿಂದ ಬಂದ ಹುಡುಗ ತಟ್ಟಲು ಒಂದು ಕ್ಷಣ ತಡಮಾಡುತ್ತಾನೆ. ಅಸ್ಥಿರಜ್ಜು ಹರಿಯಲು ಅಷ್ಟು ಸಾಕು. ಅನೇಕ ದೇಶಗಳು ಚಿಕ್ಕ ವಯಸ್ಸಿನವರ ಸ್ಪರ್ಧೆಗಳಲ್ಲಿ ಈ ಪಟ್ಟನ್ನೇ ನಿಷೇಧಿಸಿರುವುದು ಇದೇ ಕಾರಣಕ್ಕೆ.

ಹದಿಹರೆಯದವರ ಮೊಣಕೈ ದೊಡ್ಡವರ ಮೊಣಕೈಯ ಸಣ್ಣ ರೂಪವಲ್ಲ ಎಂಬುದನ್ನೂ ಗಮನಿಸಬೇಕು. ಒಳಬದಿಯಲ್ಲಿ ಕೈಗೆ ಸಿಗುವ ಎಲುಬಿನ ಗುಬುಟು ತೋಳಿನ ಮೂಳೆಯೊಂದಿಗೆ ಪೂರ್ಣವಾಗಿ ಬೆಸೆಯುವುದು ಹದಿನೈದು ವರ್ಷ ದಾಟಿದ ಮೇಲೆಯೇ. ಅಲ್ಲಿಯವರೆಗೆ ನಡುವೆ ಮೃದುವಾದ ಬೆಳವಣಿಗೆಯ ಪದರವಿರುತ್ತದೆ. ದೊಡ್ಡವರಲ್ಲಿ ಅಸ್ಥಿರಜ್ಜು ಹರಿಯುವಂಥ ಸೆಳೆತಕ್ಕೆ ಮಕ್ಕಳಲ್ಲಿ ಈ ಗುಬುಟೇ ಕಿತ್ತುಬರುತ್ತದೆ. ಕೀಲು ತಪ್ಪಿದಾಗ ಆ ಚೂರು ಒಳಗೆ ಸಿಕ್ಕಿಕೊಳ್ಳುವುದೂ ಉಂಟು. ಕೀಲು ಕೂಡಿಸಿದಂತೆ ಕಂಡರೂ ಕೈ ಪೂರ್ತಿ ಚಾಚದಿದ್ದರೆ, ಎರಡೂ ಮೊಣಕೈಗಳ ಎಕ್ಸ್‌ರೇ ತೆಗೆಸಿ ಹೋಲಿಸದ ಹೊರತು ಇದು ವೈದ್ಯರ ಕಣ್ಣಿಗೂ ತಪ್ಪಬಹುದು.

ಇಷ್ಟಾದರೂ ಬಹುಪಾಲು ಗಾಯಗಳು ಸಕಾಲದ ಚಿಕಿತ್ಸೆಯಿಂದ ವಾಸಿಯಾಗುತ್ತವೆ. ಕೈಯನ್ನು ಶಾಶ್ವತವಾಗಿ ಕೆಡಿಸುವುದು ಅನೇಕ ವೇಳೆ ಆಮೇಲೆ ನಾವು ಮಾಡುವ ಉಪಚಾರ. ಉಳುಕಿದೆ ಎಂದು ಎಣ್ಣೆ ಹಾಕಿ ತಿಕ್ಕುವುದು, ಎಳೆದು ಸರಿಮಾಡುವುದು, ಬಿದಿರ ದಬ್ಬೆಯಿಟ್ಟು ಬಿಗಿಯಾಗಿ ಕಟ್ಟುವುದು ಹಳ್ಳಿಗಳಲ್ಲಿ ಇನ್ನೂ ನಿಂತಿಲ್ಲ. ಗಾಯಗೊಂಡ ಮೊಣಕೈಯನ್ನು ತಿಕ್ಕಿದರೆ ಸ್ನಾಯುವಿನೊಳಗೆ ಎಲುಬು ಬೆಳೆದು ಕೀಲು ಮರಗಟ್ಟಬಹುದು. ಬಿಗಿಕಟ್ಟು ಇನ್ನೂ ಭೀಕರ. ಒಳಗಿನ ಊತಕ್ಕೆ ಜಾಗವಿಲ್ಲದೆ ರಕ್ತಸಂಚಾರ ನಿಂತರೆ, ಕೆಲವೇ ಗಂಟೆಗಳಲ್ಲಿ ಮುಂಗೈ ಸ್ನಾಯು ಸತ್ತು ಬೆರಳುಗಳು ಕೊಕ್ಕೆಯಂತೆ ಮುದುಡುತ್ತವೆ. ಜರ್ಮನಿಯ ಶಸ್ತ್ರವೈದ್ಯ ಫೋಲ್ಕ್‌ಮನ್ 1881ರಲ್ಲಿ ವಿವರಿಸಿದ ಈ ಅಂಗವೈಕಲ್ಯವನ್ನು ತಡೆಯಬಹುದು. ಆದರೆ ಒಮ್ಮೆ ಬಂದರೆ ಪೂರ್ತಿ ಸರಿಪಡಿಸುವುದು ಅಸಾಧ್ಯವೆನ್ನುವಷ್ಟು ಕಷ್ಟ.

ಕಬ್ಬು ಕಡಿಯುವ, ತಂಬಾಕು ಹದಮಾಡುವ ಕುಟುಂಬಗಳಿಗೆ ಕೈಯೆಂದರೆ ದುಡಿಮೆ. ಕ್ರೀಡಾ ಕೋಟಾದ ಆಸೆಯಿಂದ ನೋವನ್ನು ಮುಚ್ಚಿಟ್ಟು ಮುಂದಿನ ಸುತ್ತಿಗೆ ಇಳಿಯುವ ಮಗು ಪಣಕ್ಕಿಡುವುದು ಆ ದುಡಿಮೆಯನ್ನೇ. ಅಥಣಿಯವರಿಗೆ ಜಿಲ್ಲಾ ಕೇಂದ್ರ ಬೆಳಗಾವಿ ನೂರು ಕಿಲೋಮೀಟರಿಗೂ ದೂರ. ಕಾಗವಾಡದವರಿಗೆ ಗಡಿಯಾಚೆಯ ಮಿರಜ್, ನಿಪ್ಪಾಣಿಯವರಿಗೆ ಕೊಲ್ಲಾಪುರ ಹತ್ತಿರ. ಎಲ್ಲಿಗೆ ಒಯ್ಯಬೇಕು, ಯಾವ ವಾಹನದಲ್ಲಿ, ಖರ್ಚು ಯಾರದು ಎಂಬುದನ್ನು ಮಗು ಬಿದ್ದ ಮೇಲೆ ಯೋಚಿಸತೊಡಗಿದರೆ ಅಮೂಲ್ಯ ಗಂಟೆಗಳು ಕಳೆದುಹೋಗುತ್ತವೆ.

ಪರಿಹಾರಕ್ಕೆ ಕೋಟಿಗಟ್ಟಲೆ ಹಣ ಬೇಕಿಲ್ಲ. ಚಿಕ್ಕೋಡಿ ಪ್ರತ್ಯೇಕ ಶೈಕ್ಷಣಿಕ ಜಿಲ್ಲೆಯಾಗಿರುವುದರಿಂದ ಇಲ್ಲಿಂದಲೇ ಕೆಲವು ನಿಯಮಗಳನ್ನು ಜಾರಿಗೆ ತರಬಹುದು. ಬೀಳುವ ವಿದ್ಯೆಯಲ್ಲಿ ತೇರ್ಗಡೆಯಾಗದ ಮಗುವನ್ನು ಸ್ಪರ್ಧೆಗೆ ಕಳುಹಿಸಬಾರದು. ಕಿರಿಯರಿಗೆ ಆರ್ಮ್‌ಲಾಕ್ ಬೇಡ, ಹಿರಿಯ ವಿದ್ಯಾರ್ಥಿಗಳಿಗೆ ತಟ್ಟುವುದನ್ನು ಮರ್ಯಾದೆಯ ಪಾಠವೆಂದೇ ಕಲಿಸಬೇಕು. ಸರಿಯಾದ ಚಾಪೆಯಿಲ್ಲದ ಕಡೆ ಪಂದ್ಯ ಕೂಡದು. ಪ್ರತಿ ಕೂಟದಲ್ಲೂ ತ್ರಿಕೋನ ಪಟ್ಟಿ, ಮಂಜುಗಡ್ಡೆ, ಗೊತ್ತುಪಡಿಸಿದ ವಾಹನ ಇರಲಿ. ಕೈಯನ್ನು ಇದ್ದ ಸ್ಥಿತಿಯಲ್ಲೇ ಸಡಿಲವಾಗಿ ಆಧಾರಕ್ಕೆ ಕಟ್ಟಿ ಆಸ್ಪತ್ರೆಗೆ ಒಯ್ಯಬೇಕು, ತಿಕ್ಕಬಾರದು, ಎಳೆಯಬಾರದು ಎಂಬ ಮಾತು ಪ್ರತಿ ಶಿಕ್ಷಕರಿಗೂ ಪೋಷಕರಿಗೂ ತಿಳಿದಿರಲಿ. ಬೆರಳು ಜೋಮು ಹಿಡಿದರೆ, ಬಿಳಿಚಿಕೊಂಡರೆ ಒಂದು ನಿಮಿಷವೂ ಕಾಯಬಾರದು. ವೈದ್ಯರ ಒಪ್ಪಿಗೆಯಿಲ್ಲದೆ ಮಗು ಮತ್ತೆ ಚಾಪೆಗೆ ಇಳಿಯದಿರಲಿ.

ಗರಡಿಯ ಉಸ್ತಾದರು ಮೊದಲ ದಿನವೇ ಪಟ್ಟು ಹೇಳಿಕೊಡುತ್ತಿರಲಿಲ್ಲ. ಮಣ್ಣು ಹದಮಾಡಿಸಿ, ಸಾಮು ಮಾಡಿಸಿ, ಮೈ ಪಳಗಿದ ಮೇಲೆ ಅಖಾಡಕ್ಕೆ ಬಿಡುತ್ತಿದ್ದರು. ಆ ತಾಳ್ಮೆಯನ್ನು ನಾವು ಜಪಾನಿನಿಂದ ತರಬೇಕಾಗಿಲ್ಲ.